ಅಮೆರಿಕದ ಬಿ.ಪಿ. ಯಂತ್ರ, ನಮ್ಮ ಮನೆಯ ಕರೆಂಟು

ಮಕ್ಕಳು ಅಮೆರಿಕದಿಂದ ತಂದುಕೊಟ್ಟ ಬಿ.ಪಿ. ಯಂತ್ರ ನಿಮ್ಮ ಮನೆಯಲ್ಲೂ ಇದೆಯೇ? ಹಾಗಾದರೆ ಅದರ ಅಡಾಪ್ಟರನ್ನು ಒಮ್ಮೆ ತಿರುಗಿಸಿ ನೋಡಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. 'ಇನ್‌ಪುಟ್ 100-240' ಎಂದಿದ್ದರೆ ಚಿಂತೆಯಿಲ್ಲ. ಬರೀ 120 ಎಂದಿದ್ದರೆ ಇಲ್ಲಿ ಸುಟ್ಟುಹೋಗುವುದೇ ಹೆಚ್ಚು. ಪಿನ್ ಹೊಂದಿಸುವ ಸಣ್ಣ ಪ್ಲಗ್ಗು ವೋಲ್ಟೇಜ್ ಇಳಿಸುವುದಿಲ್ಲ.

ನನ್ನಲ್ಲಿಗೆ ಬರುವ ಹಿರಿಯರೊಬ್ಬರು ಹೀಗೆ ಸುಟ್ಟದ್ದರ ಬದಲಿಗೆ, ಪಿನ್ ಕೂತಿತೆಂದು ಮನೆಯಲ್ಲಿದ್ದ ಇನ್ನೊಂದನ್ನು ಚುಚ್ಚಿದ್ದರು. ಅದು 12 ವೋಲ್ಟಿನದು, ಯಂತ್ರಕ್ಕೆ ಬೇಕಾದದ್ದು 6. ಯಂತ್ರ ಕೆಟ್ಟಿತು. 'ಬಿ.ಪಿ. ನೋಡದೆ ಎರಡು ತಿಂಗಳಾಯ್ತು ಡಾಕ್ಟ್ರೇ' ಎಂದರು. ಅಂದು ಅವರ ರಕ್ತದೊತ್ತಡ 180/110!

ಹೊಸ ಅಡಾಪ್ಟರ್ ಕೊಳ್ಳುವಾಗ ಯಂತ್ರದ ಮೇಲಿನ ಬರಹವನ್ನೇ ನಂಬಿ. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಬೇಡ. ಪಿನ್ನಿನ ಪ್ಲಸ್ ನಡುವೆಯೋ ಹೊರಗೋ ಎಂಬುದೂ ಹೊಂದಬೇಕು. ಯಂತ್ರದ ಕಂಪನಿಯದೇ ಸಿಕ್ಕರೆ ಉತ್ತಮ. ಫುಟ್‌ಪಾತಿನ ಅಗ್ಗದ ಮಾಲಿನೊಳಗೆ ಇನ್ಸುಲೇಷನ್ ಕೆಟ್ಟರೆ 230 ವೋಲ್ಟ್ ನಿಮ್ಮ ಕೈಯಲ್ಲಿರುವ ಯಂತ್ರದವರೆಗೂ ಬಂದೀತು.

ಅಲ್ಲಿಯವರೆಗೆ? ಬಹುಪಾಲು ಯಂತ್ರಗಳು ಪೆನ್ಸಿಲ್ ಸೆಲ್ಲಿನಿಂದಲೂ ನಡೆಯುತ್ತವೆ. ತಪ್ಪು ಅಡಾಪ್ಟರ್ ಚುಚ್ಚಿದ್ದ ಯಂತ್ರವಾದರೆ ಮಾತ್ರ, ಮುಂದಿನ ಸಲ ವೈದ್ಯರಲ್ಲಿಗೆ ಒಯ್ದು ಅವರ ಯಂತ್ರದೊಡನೆ ತಾಳೆ ನೋಡಿ.