ಕಲಕಿದ ನೀರಿನಲ್ಲಿ ಗಾಳ

ಇಂಗ್ಲೆಂಡಿನ ನದಿಗಳ ಚಬ್ ಮೀನು ಮಹಾ ಪುಕ್ಕಲು. ಹಾರುವ ಹಕ್ಕಿಯ ನೆರಳು ಬಿದ್ದರೂ ಅದು ತಳಕ್ಕಿಳಿಯುತ್ತದೆಂದು ಐಸಾಕ್ ವಾಲ್ಟನ್ 1653ರಲ್ಲಿಯೇ ಬರೆದಿದ್ದಾನೆ. ಹಾಗಾದರೆ ಚಳಿಗಾಲದ ನೆರೆ ಬಂದು ನೀರು ರಾಡಿಯಾದಾಗ ದೊಡ್ಡ ಚಬ್ಬನ್ನು ಹಿಡಿಯುವ ಬಗೆ ಹೇಗೆ?

ಸೆಳವಿನೊಡನೆ ಸೆಣಸಿ ಬಲಗುಂದುವ ಮೀನಲ್ಲ ಇದು. ವಿಲೋ ಮರದ ಬೇರುಗಳ ಮರೆಯಲ್ಲಿ, ನೀರು ಮಂದವಾಗಿ ಸುತ್ತುವೆಡೆ ನಿಲ್ಲುತ್ತದೆ. ಕಣ್ಣಿಗೆ ಏನೂ ಕಾಣದ ಆ ನೀರಿನಲ್ಲಿ ಅದು ವಾಸನೆಯನ್ನು ನೆಚ್ಚುತ್ತದೆ. ಆದುದರಿಂದಲೇ ಬಲ್ಲವರು ಘಾಟು ವಾಸನೆಯ ಚೀಸಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ, ಭಾರ ಕಟ್ಟಿ, ತಳದಲ್ಲಿ ನಿಲ್ಲಿಸುತ್ತಾರೆ. ಹಗಲೆಲ್ಲ ಚಳಿಯಲ್ಲಿ ಕಾದವನಿಗೆ ಮುಸ್ಸಂಜೆ ಕೋಲಿನ ತುದಿ ಒಮ್ಮೆ ಬಾಗಿದರೆ ಅದೇ ಪುಣ್ಯ. ಬೇರಿನತ್ತ ನುಗ್ಗುವ ಮೀನನ್ನು ಆ ಕ್ಷಣವೇ ತಡೆಯದಿದ್ದರೆ ದಾರ ಹರಿಯಿತೆಂದೇ ತಿಳಿಯಬೇಕು. ಗೆದ್ದರೂ ಅದು ಅಡುಗೆಮನೆಗಲ್ಲ. ತೂಗಿನೋಡಿ ಮರಳಿ ಹೊಳೆಗೇ ಬಿಡುತ್ತಾರೆ.

ತಿಳಿನೀರಿನಲ್ಲಿ ಅಂಜುವ ಜೀವಕ್ಕೆ ಕಲಕಿದ ನೀರು ಧೈರ್ಯ ಕೊಡುತ್ತದೆ. ನೆರೆಗೆ ಹೆದರಿ ಮನೆಯಲ್ಲಿ ಕುಳಿತವನಿಗೆ ಆ ಮೀನು ದಕ್ಕದು.