ಅಜ್ಜಿ ಕಂಡ ದೇಶ ವಿಭಜನೆ, ಮೊಮ್ಮಕ್ಕಳಿಗೆ ಆತಂಕ: ನೋವು ಮೂರನೇ ತಲೆಮಾರಿಗೂ ದಾಟುತ್ತಾ?

ಪುಣೆ: ಪಿಂಪ್ರಿ-ಚಿಂಚವಾಡದಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ‘ಪಿಂಪ್ರಿ ಕ್ಯಾಂಪ್’ ಅಂದರೆ ಬಟ್ಟೆಬರೆ ಖರೀದಿಯ ಮಾರ್ಕೆಟ್. ಪುಣೆ ನಗರದೊಳಗಿನ ‘ಕ್ಯಾಂಪ್’ ಸೇನೆಯಿಂದ ಬಂದ ಹೆಸರು. ಪಿಂಪ್ರಿಯದ್ದು ಹಾಗಲ್ಲ, ಅದು ನಿರಾಶ್ರಿತರ ಶಿಬಿರ. 1947ರ ದೇಶ ವಿಭಜನೆ ನಂತರ ಸಿಂಧ್ ಪ್ರಾಂತ್ಯದಿಂದ ಬಂದ ಕುಟುಂಬಗಳು ಇಲ್ಲಿ ನೆಲೆ ಕಂಡವು.

ಅಂದು ಅಮ್ಮನ ಕೈ ಹಿಡಿದು ಬಂದ ಮಕ್ಕಳೇ ಇಂದು 80 ದಾಟಿದ್ದಾರೆ. ಅಂಗಡಿಗಳ ಗಲ್ಲಾಪೆಟ್ಟಿಗೆಯಲ್ಲಿ ಈಗ ಕೂರುವವರು ಮೂರನೇ, ನಾಲ್ಕನೇ ತಲೆಮಾರಿನವರು. ಕರಾಚಿಯನ್ನು ಕಂಡೇ ಇರದ ಇವರಿಗೂ ಆ ದಿನಗಳ ಭಯ ಬಂದಿರಲು ಸಾಧ್ಯವೇ?

ವಿಭಜನೆಯಲ್ಲಿ ಮನೆ ಕಳೆದುಕೊಂಡವರು 1.2 ಕೋಟಿಗೂ ಹೆಚ್ಚು. ಸತ್ತವರ ಅಂದಾಜು 2 ಲಕ್ಷದಿಂದ 20 ಲಕ್ಷದವರೆಗೂ ಹೋಗುತ್ತದೆ. ಪಂಜಾಬ್‌ನಲ್ಲಿ ನಡೆದದ್ದನ್ನು ನರಮೇಧ ಎನ್ನಬೇಕೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಇದೆ. ಅದಕ್ಕೆ ಹೋಲಿಸಿದರೆ ಸಿಂಧ್‌ನಲ್ಲಿ ರಕ್ತ ಹರಿದದ್ದು ಕಡಿಮೆ. ಆದರೆ 1948ರ ಜನವರಿ 6ರಂದು ಕರಾಚಿಯಲ್ಲಿ ಗಲಭೆ, ಲೂಟಿ ನಡೆದ ಮೇಲೆ ಅಲ್ಲಿನ ಹಿಂದೂಗಳಿಗೆ ಉಳಿಯುವ ಧೈರ್ಯ ಉಳಿಯಲಿಲ್ಲ.

ವಂಶವಾಹಿಯಲ್ಲಿ ಗುರುತು ಇದೆಯೇ?

ನಾಜಿಗಳ ಯಹೂದಿ ನರಮೇಧದಲ್ಲಿ ಬದುಕುಳಿದವರ ಮಕ್ಕಳಲ್ಲಿ ಮಾನಸಿಕ ಸಮಸ್ಯೆ ಕಾಣುತ್ತಿದೆ ಎಂದು ಕೆನಡಾದ ವೈದ್ಯ ವಿವಿಯನ್ ರೇಕಾಫ್ ಬರೆದದ್ದು 1966ರಲ್ಲಿ. ಜಗತ್ತು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು ಆ ಕಾಲದಿಂದ.

ಇತ್ತೀಚೆಗೆ ಹೆಚ್ಚು ಸುದ್ದಿಯಾಗಿರುವುದು ‘ಎಪಿಜೆನೆಟಿಕ್ಸ್’. ಡಿಎನ್‌ಎಯನ್ನು ಪುಸ್ತಕ ಎಂದುಕೊಳ್ಳಿ. ತೀವ್ರ ಆಘಾತವಾದಾಗ ಪುಸ್ತಕದ ಅಕ್ಷರ ಬದಲಾಗುವುದಿಲ್ಲ. ಆದರೆ ಯಾವ ಸಾಲು ಓದಬೇಕು, ಯಾವುದನ್ನು ಬಿಡಬೇಕು ಎಂಬ ರಾಸಾಯನಿಕ ಗುರುತುಗಳು ಬದಲಾಗಬಹುದು. ನ್ಯೂಯಾರ್ಕ್‌ನ ರೇಚಲ್ ಯೆಹೂದಾ ತಂಡ 2015ರಲ್ಲಿ ನರಮೇಧದಿಂದ ಪಾರಾದ 32 ಮಂದಿ ಹಾಗೂ ಅವರ 22 ಮಕ್ಕಳ ರಕ್ತ ಪರೀಕ್ಷಿಸಿತು. ದೇಹದ ಒತ್ತಡವನ್ನು ನಿಯಂತ್ರಿಸುವ ಒಂದೇ ಜೀನ್‌ನಲ್ಲಿ ಇಬ್ಬರಲ್ಲೂ ಬದಲಾವಣೆ ಸಿಕ್ಕಿತು. ವಿಚಿತ್ರವೆಂದರೆ ಹೆತ್ತವರಲ್ಲಿ ಗುರುತು ಹೆಚ್ಚಾಗಿದ್ದರೆ ಮಕ್ಕಳಲ್ಲಿ ಕಡಿಮೆಯಾಗಿತ್ತು! ‘ನೋವು ಡಿಎನ್‌ಎಯಲ್ಲೇ ಬರುತ್ತದೆ’ ಎಂಬ ಹೆಡ್‌ಲೈನ್‌ಗಳು ಆಗ ಎಲ್ಲೆಡೆ ಓಡಿದವು. ಇಷ್ಟು ಸಣ್ಣ ಅಧ್ಯಯನಕ್ಕೆ ಅದು ದೊಡ್ಡ ಮಾತಾಯಿತು.

ಮೊಮ್ಮಕ್ಕಳ ಬಗ್ಗೆಯೇ ನೇರವಾಗಿ ಕೇಳಿದ ಅಧ್ಯಯನ 2025ರಲ್ಲಿ ಬಂತು. 1982ರಲ್ಲಿ ಸಿರಿಯಾದ ಹಮಾ ನಗರದಲ್ಲಿ ಹತ್ಯಾಕಾಂಡ ನಡೆದಾಗ ಗರ್ಭಿಣಿಯಾಗಿದ್ದ ಅಜ್ಜಿಯರ ಕುಟುಂಬಗಳೂ ಅದರಲ್ಲಿದ್ದವು. ಒಟ್ಟು 48 ಕುಟುಂಬಗಳ 131 ಮಂದಿಯನ್ನು ಪರೀಕ್ಷಿಸಲಾಯಿತು. ಅಜ್ಜಿ ಕಂಡ ಹಿಂಸೆಗೆ ಸಂಬಂಧಿಸಿದ 14 ಗುರುತುಗಳು ಮೊಮ್ಮಕ್ಕಳಲ್ಲಿ ಸಿಕ್ಕಿವೆ. ಗರ್ಭಿಣಿ ಅಜ್ಜಿಯೇ ಯಾಕೆ? ಹೊಟ್ಟೆಯಲ್ಲಿರುವುದು ಹೆಣ್ಣುಮಗುವಾದರೆ, ಅದು ಹುಟ್ಟುವ ಮೊದಲೇ ಅದರ ಅಂಡಾಣುಗಳು ರೂಪುಗೊಂಡಿರುತ್ತವೆ. ಅಂದರೆ ಮುಂದೆ ಹುಟ್ಟಲಿರುವ ಮೊಮ್ಮಗುವಿನ ಮೂಲಕಣವೂ ಆ ದಿನ ಅಜ್ಜಿಯ ದೇಹದೊಳಗೇ ಇರುತ್ತದೆ.

ಆದರೆ ಈ ಗುರುತುಗಳಿಂದ ಕಾಯಿಲೆ ಬರುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ. ಹೊಸ ಭ್ರೂಣ ರೂಪುಗೊಳ್ಳುವಾಗ ಇಂಥ ಗುರುತುಗಳು ಬಹುಪಾಲು ಅಳಿಸಿಹೋಗುತ್ತವೆ. ನರಮೇಧದಿಂದ ಪಾರಾದವರ ಮೊಮ್ಮಕ್ಕಳ ಮೇಲಿನ ಹಲವು ಅಧ್ಯಯನಗಳನ್ನು 2008ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮೂರನೇ ತಲೆಮಾರಿಗೆ ಆಘಾತ ದಾಟಿದ ಪುರಾವೆ ಸಿಗಲಿಲ್ಲ. ಇದು ಹೆಡ್‌ಲೈನ್ ಆಗಲಿಲ್ಲ ಎಂಬುದು ಬೇರೆ ಮಾತು.

ಮನೆಯ ಮೌನ

ಹಾಗಿದ್ದರೆ ಏನೂ ದಾಟುವುದಿಲ್ಲವೇ? ದಾಟುತ್ತದೆ, ಆದರೆ ರಕ್ತಕ್ಕಿಂತ ಹೆಚ್ಚಾಗಿ ಮನೆಯ ರೂಢಿಗಳಲ್ಲಿ ಎನ್ನುವುದಕ್ಕೆ ಆಧಾರ ಬಲವಾಗಿದೆ. ಎಲ್ಲವನ್ನೂ ಕಳೆದುಕೊಂಡ ತಾಯಿ ಮಗ ಹತ್ತು ನಿಮಿಷ ತಡವಾಗಿ ಬಂದರೂ ಕಂಗಾಲಾಗುತ್ತಾಳೆ ಎಂದುಕೊಳ್ಳಿ. ಜಗತ್ತು ಅಪಾಯದ ಜಾಗ ಎಂದು ಮಗನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಅವನು ಅಪ್ಪನಾದಾಗ ಅದೇ ಕಾತರ ಅವನ ಮಕ್ಕಳ ಮೇಲೂ ಬೀಳುತ್ತದೆ, ಕಾರಣ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಪಾರಾದವರೂ ಹೇಳಲಿಲ್ಲ, ಉಳಿದವರೂ ಕೇಳಲಿಲ್ಲ ಎಂಬ ಈ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞೆ ಯಾಯೆಲ್ ಡ್ಯಾನಿಯೇಲಿ ‘ಮೌನದ ಪಿತೂರಿ’ ಎಂದು ಕರೆದರು.

ನಮ್ಮಲ್ಲಿ ಈ ಮೌನ ಮನೆಗೆ ಸೀಮಿತವಾಗಿರಲಿಲ್ಲ. ವಿಭಜನೆಯ ಮಾನಸಿಕ ಪರಿಣಾಮದ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸಂಜೀವ್ ಜೈನ್ ಮತ್ತು ದೆಹಲಿಯ ಡಾ. ಅಲೋಕ್ ಸರೀನ್ ಸಂಪಾದಿಸಿದ ಪುಸ್ತಕ ಬಂದದ್ದು 2018ರಲ್ಲಿ, ಅಂದರೆ ಘಟನೆಯಾಗಿ 71 ವರ್ಷಗಳ ನಂತರ. 1950ರಲ್ಲಿ ಲಾಹೋರ್ ಮಾನಸಿಕ ಆಸ್ಪತ್ರೆಯ ಹಿಂದೂ, ಸಿಖ್ ರೋಗಿಗಳನ್ನು ಭಾರತಕ್ಕೂ, ಇಲ್ಲಿನ ಮುಸ್ಲಿಂ ರೋಗಿಗಳನ್ನು ಪಾಕಿಸ್ತಾನಕ್ಕೂ ಕಳಿಸಲಾಯಿತು. ಹೊರಗಿದ್ದ ಕೋಟ್ಯಂತರ ಜನರ ಮನಸ್ಸು ಹೇಗಿದೆ ಎಂದು ಕೇಳುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಸಿಂಧಿಗಳಿಗೆ ಇನ್ನೊಂದು ನಷ್ಟವೂ ಆಯಿತು. ಪಂಜಾಬಿಗಳಿಗೆ, ಬಂಗಾಳಿಗಳಿಗೆ ಭಾರತದಲ್ಲೊಂದು ಅರ್ಧ ಪ್ರಾಂತ್ಯವಾದರೂ ಉಳಿಯಿತು. ಸಿಂಧ್ ಇಡಿಯಾಗಿ ಪಾಕಿಸ್ತಾನಕ್ಕೆ ಹೋಯಿತು. ಸಿಂಧಿ ಭಾಷೆ ಸಂವಿಧಾನದ 8ನೇ ಪರಿಚ್ಛೇದಕ್ಕೆ ಸೇರಿದ್ದು 1967ರಲ್ಲಿ. ಅಷ್ಟರಲ್ಲಿ ಹೊಸ ಪೀಳಿಗೆ ಶಾಲೆಯಲ್ಲಿ ಬೇರೆ ಭಾಷೆ ಕಲಿಯುತ್ತಿತ್ತು. ಅಜ್ಜಂದಿರು ಸಿಂಧಿಯನ್ನು ಬರೆಯುತ್ತಿದ್ದದ್ದು ಹೆಚ್ಚಾಗಿ ಅರೇಬಿಕ್ ಮೂಲದ ಲಿಪಿಯಲ್ಲಿ. ಹಿಂದಿ, ಮರಾಠಿ, ಇಂಗ್ಲಿಷ್ ಓದಿದ ಮೊಮ್ಮಕ್ಕಳಿಗೆ ಆ ಲಿಪಿ ಬಾರದಿದ್ದರೆ, ಅಜ್ಜನ ಹಳೆಯ ಕಾಗದ ಪೆಟ್ಟಿಗೆಯಲ್ಲಿ ಸಿಕ್ಕರೂ ಅದರಲ್ಲೇನಿದೆ ಎಂದು ತಿಳಿಯಲು ಮನೆಯಲ್ಲಿ ಉಳಿದಿರುವ ಹಿರಿಯರನ್ನೇ ಕೇಳಬೇಕು.