ಗರಿಯ ನೆರಳಿಗೆ ಸೊರಗಿದ ಮೋಟರು

ತುರುವೇಕೆರೆ ಕಡೆಯ ಓದುಗರೊಬ್ಬರ ದೂರು ಇದು. ಡೀಸೆಲ್ ಜನರೇಟರ್ ಮಾರಿ ತೋಟಕ್ಕೆ ಸೋಲಾರ್ ಪಂಪ್ ಹಾಕಿಸಿದರಂತೆ. ಏಪ್ರಿಲ್‌ನಲ್ಲಿ ಸೊಗಸಾಗಿ ನೀರೆತ್ತಿದ ಪಂಪ್ ಡಿಸೆಂಬರ್‌ನಲ್ಲಿ, ಮೋಡದ ಚೂರೂ ಇಲ್ಲದ ಮಟಮಟ ಮಧ್ಯಾಹ್ನವೇ ಸೊರಗುತ್ತಿದೆ. 'ಚಳಿಗಾಲದ ಬಿಸಿಲಿಗೆ ಕಾವಿಲ್ಲ' ಅಂದರು ಪಕ್ಕದ ತೋಟದವರು. 'ದೃಷ್ಟಿ ತಾಗಿದೆ' ಅಂದರು ಮನೆಯವರು. ಬೂದುಗುಂಬಳ ಕಟ್ಟಿದ್ದೂ ಆಗಿದೆ. ಪ್ಯಾನೆಲ್‌ಗೆ ದಕ್ಷಿಣದಲ್ಲಿ, ನಲವತ್ತೈದು ಅಡಿ ದೂರ, ಒಂದು ಹಳೇ ತೆಂಗು ಬಿಟ್ಟರೆ ಅಡ್ಡ ಏನೂ ಇಲ್ಲವಂತೆ.

ಮೊದಲು ಆ ಕುಂಬಳಕಾಯಿ ಇಳಿಸಿ ಮಜ್ಜಿಗೆಹುಳಿ ಮಾಡಿ. ದೃಷ್ಟಿ ತೆಗೆಯುವುದಿರಲಿ, ಅದರ ನೆರಳೂ ಪ್ಯಾನೆಲ್ ಮೇಲೆ ಬಿದ್ದರೆ ಇನ್ನೊಂದು ತಕರಾರು.

ಕಾವಿನ ಮಾತಂತೂ ತಲೆಕೆಳಗು. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿಯಲ್ಲ. ಅದರ ಬಿಲ್ಲೆಗಳು (ಸೆಲ್‌ಗಳು) 25 ಡಿಗ್ರಿಗಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ಶೇ. 0.4ರಷ್ಟು ವಿದ್ಯುತ್ ಕಳೆದುಹೋಗುತ್ತದೆ. ತಿಪಟೂರು ಸೀಮೆಯವರಿಗೆ ಇದು ಸೋಜಿಗ ಅನ್ನಿಸಬಾರದು. ನಮ್ಮ ಉಂಡೆ ಕೊಬ್ಬರಿ ತಯಾರಾಗುವುದೂ ಸುಡುಬಿಸಿಲಿನಲ್ಲಲ್ಲ, ಅಟ್ಟದ ನೆರಳಿನಲ್ಲಿ ತಿಂಗಳುಗಟ್ಟಲೆ ಕೂತು.

ಹಾಗಾದರೆ ಕಳ್ಳ ಯಾರು? ಆ ಹಳೇ ತೆಂಗೇ.

ಒಂದು ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 60 ಅಥವಾ 72 ಬಿಲ್ಲೆಗಳು ಸರಪಳಿಯಂತೆ ಒಂದರ ಹಿಂದೊಂದು. ಒಂದೊಂದೂ ಕೊಡುವುದು ಸುಮಾರು ಅರ್ಧ ವೋಲ್ಟ್. ಡ್ರಿಪ್ ಪೈಪನ್ನು ನೆನೆಸಿಕೊಳ್ಳಿ: ಎಲ್ಲೋ ಒಂದು ಕಡೆ ಮಡಿಕೆ ಬಿದ್ದರೆ ಅಲ್ಲಿಂದ ಮುಂದಕ್ಕೆ ನೀರಿಲ್ಲ. ನೆರಳು ಬಿದ್ದ ಬಿಲ್ಲೆ ಆ ಮಡಿಕೆ. ಅಷ್ಟೇ ಅಲ್ಲ, ಉಳಿದವು ಹುಟ್ಟಿಸಿದ ವಿದ್ಯುತ್ತನ್ನು ತಾನೇ ನುಂಗಿ ಕಾಯುತ್ತದೆ, ಕೆಲವೊಮ್ಮೆ ಸುಟ್ಟೂ ಹೋಗುತ್ತದೆ. ಅದನ್ನು ತಪ್ಪಿಸಲೆಂದೇ ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ಮಡಿಕೆ ಬಿದ್ದ ಭಾಗವನ್ನು ಬಿಟ್ಟು ವಿದ್ಯುತ್ತು ಪಕ್ಕದ ದಾರಿ ಹಿಡಿಯುತ್ತದೆ. ಬಿಲ್ಲೆ ಉಳಿಯಿತು, ಆದರೆ ಅಂಗೈಯಗಲ ನೆರಳಿಗೆ ಪ್ಯಾನೆಲ್‌ನ ಮೂರನೇ ಒಂದು ಪಾಲು ಹೋಯಿತು! ತೆಂಗಿನ ಗರಿಯೋ, ಓರೆಯಾಗಿ ಮೂರು ಪಾಲನ್ನೂ ತುಳಿದುಕೊಂಡು ಮಲಗುತ್ತದೆ.

ಡಿಸೆಂಬರ್‌ನಲ್ಲೇ ಯಾಕೆ? ನಮ್ಮ ಸೀಮೆ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸು. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಮರದ ನೆರಳು ಮರದ ಬುಡದಲ್ಲೇ. ಡಿಸೆಂಬರ್ 21ರ ಹೊತ್ತಿಗೆ ಅವನು ದಕ್ಷಿಣಕ್ಕೆ ಸರಿದು ನೆತ್ತಿಯಿಂದ ಸುಮಾರು 37 ಡಿಗ್ರಿ ಕೆಳಗಿರುತ್ತಾನೆ. ಆಗ ಅರವತ್ತು ಅಡಿ ಮರದ ತಲೆಯ ನೆರಳು ಉತ್ತರಕ್ಕೆ ಬೀಳುವುದು ಎಷ್ಟು ದೂರಕ್ಕೆ ಗೊತ್ತೆ? ಸರಿಸುಮಾರು ನಲವತ್ತೈದು ಅಡಿಗೆ. ಕಾಗದದ ಮೇಲೆ ಈ ಲೆಕ್ಕ ಹಾಕಿದಾಗ ನನಗೆ ನಗು ತಡೆಯಲಾಗಲಿಲ್ಲ.

ಡೀಸೆಲ್ ಜನರೇಟರಿಗೆ ಈ ಕೊಂಕುಗಳಿಲ್ಲ, ನಿಜ. ಆದರೆ ಲೀಟರ್ ಡೀಸೆಲ್‌ಗೆ ಅದು ಕೊಡುವುದು ಮೂರು ಯೂನಿಟ್ ಆಸುಪಾಸು, ಜೊತೆಗೆ ಹೊಗೆ, ಸದ್ದು. ಬಂಡೀಪುರದ ಕಾಡಿನೊಳಗೆ ಬೇಸಿಗೆಯಲ್ಲಿ ಪ್ರಾಣಿಗಳ ನೀರಿನ ಹೊಂಡ ತುಂಬಿಸಲು ಬೋರ್‌ವೆಲ್‌ಗಳಿಗೆ ಸೋಲಾರ್ ಪಂಪ್ ಇಟ್ಟಿದ್ದಾರೆ. ಆನೆ ನೀರು ಕುಡಿಯುವಲ್ಲಿ ಇಂಜಿನ್ ಗುಡುಗುವುದಿಲ್ಲ, ಡೀಸೆಲ್ ಹೊತ್ತು ಜೀಪು ಓಡಾಡಬೇಕಿಲ್ಲ, ಬ್ಯಾಟರಿಯೂ ಬೇಡ, ಹೊಂಡವೇ ಬ್ಯಾಟರಿ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಬಯಲಿನಲ್ಲಿ 2,050 ಮೆಗಾವಾಟ್ ಪ್ಯಾನೆಲ್‌ಗಳಿವೆ. ಅಲ್ಲಿ ತೆಂಗಿನ ಗರಿಯ ಕಾಟವಿಲ್ಲ. ನೆರಳಿನ ಲೆಕ್ಕ ತೋಟದವರಿಗೇ ಬೇಕಾದ್ದು.

ಮರ ಕಡಿಸಬೇಡಿ. ಪ್ಯಾನೆಲ್‌ಗಳನ್ನು ತೋಟದ ದಕ್ಷಿಣದ ಅಂಚಿಗೆ, ಆ ಮರದಿಂದ ಇಪ್ಪತ್ತು ಅಡಿ ಆಚೆಗೆ ಒಯ್ಯಿರಿ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದಾಗಲೂ ಮಧ್ಯಾಹ್ನ ಮರದ ತುದಿಯ ನೆರಳು ದಕ್ಷಿಣಕ್ಕೆ ಚಾಚುವುದು ಹತ್ತು-ಹನ್ನೊಂದು ಅಡಿ ಅಷ್ಟೆ.